ಜೂನ್ ಒಂದು

ಗ್ರಿಲ್ಲಿನಲ್ಲಿ ಒಂದು ಕೈ ತೂರುವಷ್ಟು ಕಿಂಡಿ.
ಕೈ ಮೊದಲು ಬರುತ್ತದೆ, ಮುಖ ಆಮೇಲೆ ಬಗ್ಗುತ್ತದೆ.
ಮಂಡಿಪೇಟೆಯ ಹಮಾಲಿ, ಮೆಡಿಕಲ್ ಕಾಲೇಜಿನ ಉಂಗುರ,
ಬೆಣ್ಣೆದೋಸೆ ಕಾವಲಿಯ ಮುಂದೆ ನುಣುಪಾದ ಬೆರಳು,
ಕೈ ನೋಡಿಯೇ ಹೇಳುತ್ತೇನೆ ಯಾರು ಎಲ್ಲಿಯವರು ಅಂತ.
ವಯಸ್ಸು ಮಾತ್ರ ಕೈಯಲ್ಲಿ ಬರೆದಿರುವುದಿಲ್ಲ.

ತಲೆಯ ಮೇಲೆ ತಗಡಿನ ಬೋರ್ಡು:
ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವುದಿಲ್ಲ.
ಕೊನೆಯ 'ಇಲ್ಲ'ವನ್ನು ತುಕ್ಕು ತಿಂದಿದೆ.
ಮೂರು ವರ್ಷದಿಂದ ಆ 'ಇಲ್ಲ' ನಾನೇ,
ತಿಂಗಳಿಗೆ ಹನ್ನೊಂದು ಸಾವಿರ, ರಾತ್ರಿ ಊಟ ಬೇರೆ.

ಕಾರ್ಡು ಅಂದರೆ ನಗುತ್ತಾರೆ.
ಒಬ್ಬ ಗಡ್ಡ ಸವರಿ ತೋರಿಸಿದ,
ಒಬ್ಬ ಹೆಂಡತಿಯ ಫೋಟೋ ತೆಗೆದ,
ಇನ್ನೊಬ್ಬ ಅಣ್ಣನ ಲೈಸೆನ್ಸು ಕೊಟ್ಟು
ಅಣ್ಣನ ಹಾಗೇ ಕೆನ್ನೆ ಉಬ್ಬಿಸಿ ನಿಂತ,
ಉಸಿರು ಬಿಡುವವರೆಗೂ ನಾನೂ ಕಾದೆ.
ಎಪ್ಪತ್ತರ ಮುದುಕನೊಬ್ಬ ತಾನಾಗಿ ಕಾರ್ಡು ಚಾಚಿ
"ನನ್ನೂ ಒಂದಿನ ಕೇಳ್ರಿ ಸ್ವಾಮಿ" ಅಂದ.
ಕೇಳಿದೆ. ಇಸವಿಯನ್ನು ಗಟ್ಟಿಯಾಗಿ ಓದಿದೆ.
ಅವತ್ತು ಅವನು ಚಿಲ್ಲರೆಗೆ ಜಗಳ ತೆಗೆಯಲಿಲ್ಲ.

ಹುಟ್ಟಿದ ದಿನಗಳು ದಿನವಿಡೀ ಕಣ್ಣೆದುರು ಹಾಯುತ್ತವೆ,
ಅದರಲ್ಲಿ ಎಷ್ಟೊಂದು ಜೂನ್ ಒಂದು!
ಊರಿನ ತಾಯಂದಿರೆಲ್ಲ ಒಂದೇ ದಿನ ಹೆತ್ತಿದ್ದಲ್ಲ,
ಅದು ಶಾಲೆ ತೆರೆವ ದಿನ, ಮೇಷ್ಟ್ರ ಪೆನ್ನು ಹೆತ್ತ ದಿನ.
ನಿಟುವಳ್ಳಿ ಶಾಲೆಯಲ್ಲಿ ಕೊಟ್ರಬಸಪ್ಪ ಮೇಷ್ಟ್ರು
ನನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಎಳೆದು
ಎಡಗಿವಿಗೆ ಮುಟ್ಟಿಸಿ ನೋಡಿದರು:
"ಮುಟ್ತು. ಆರು ತುಂಬೈತೆ. ಕೂರ್ಸು."
ಅವ್ವನ ಲೆಕ್ಕ ಬೇರೆ.
"ಮಿಲ್ಲಿನ ಮುಷ್ಕರದ ವರ್ಷ, ರಾತ್ರಿ ಪಾಳಿ.
ಸೈರನ್ನು ಕೂಗಬೇಕಾದ ಹೊತ್ತಿಗೆ ಅದು ಕೂಗ್ಲಿಲ್ಲ,
ನೀ ಕೂಗ್ದಿ."
ಆ ತಾರೀಕಿಗೆ ಯಾವ ಕಾರ್ಡಿನಲ್ಲೂ ಜಾಗವಿಲ್ಲ.

ಮೇ ಇಪ್ಪತ್ತು. ಬಿಸಿಲು ಇಳಿದರೂ ಗೋಡೆ ಆರಿರಲಿಲ್ಲ.
ಮಂಡಕ್ಕಿ ಭಟ್ಟಿಯಿಂದ ಹಾಲೇಶ ಬಂದ,
ಮೊಣಕೈವರೆಗೆ ಮಸಿ, ರೆಪ್ಪೆಯಲ್ಲಿ ಭತ್ತದ ಹೊಟ್ಟು,
ಮೂವತ್ತು ಅಂದರೆ ಯಾರೂ ತಕರಾರು ತೆಗೆಯರು.
ಒಡೆದ ಮೊಬೈಲಿನ ಗಾಜಿನ ಹಿಂದೆ ಆಧಾರ್:
ಜೂನ್ ಒಂದು. ಇಪ್ಪತ್ತೊಂದಕ್ಕೆ
ಇನ್ನೂ ಹನ್ನೆರಡು ದಿನ.
"ನಂದೂ ಇದೇ ತಾರೀಕು ಕಣೋ" ಅಂದೆ,
ಇಲ್ಲ ಅನ್ನುವುದನ್ನು ಹೇಗಾದರೂ ಮೆತ್ತಗೆ ಮಾಡಬೇಕಿತ್ತು.
"ಭಟ್ಟಿಗೆ ಸೇರ್ದಾಗ ಹನ್ನೊಂದು ನಂಗೆ,
ಅವತ್ತು ಯಾರೂ ಕಾರ್ಡು ಕೇಳ್ಲಿಲ್ಲಣ್ಣ."
ದನಿ ಏರಿಸಲಿಲ್ಲ. ಬಲಗೈ ಎತ್ತಿ
ನೆತ್ತಿಯ ಮೇಲಿಂದ ತಂದು
ಎಡಗಿವಿ ಹಿಡಿದು ನಿಂತ:
"ನೋಡು, ಮುಟ್ತತೆ."

ಸಾಲು ಹೋ ಎಂದು ನಕ್ಕಿತು.
ನನ್ನ ಕಿವಿ ಯಾಕೋ ಸುಟ್ಟಿತು.
ಒಳಗಿಂದ ಮಾಲೀಕರು,
"ಹನ್ನೆರಡು ದಿನಕ್ಕೆ ಅಬಕಾರಿಯೋರು ಓಡಿ ಬರ್ತಾರೇನೋ ಚೌಡಪ್ಪ?"
ಇಲ್ಲ ಅಂದೆ. ಯಾರಿಗೆ ಅಂದೆನೋ.
ಅವನ ಹಿಂದಿದ್ದವ ಎರಡು ಕ್ವಾರ್ಟರ್ ಕೇಳಿದ,
ಕಾರ್ಡು ಸರಿಯಿತ್ತು, ಕೊಟ್ಟೆ.
ಲೈಟು ಕಂಬದಾಚೆ ಅದರಲ್ಲೊಂದು ಕೈ ಬದಲಾಯಿತು.
ಕಿಂಡಿಯಿಂದ ಕಂಬ ಚೆನ್ನಾಗಿಯೇ ಕಾಣುತ್ತದೆ.

ಜೂನ್ ಒಂದರ ಸಂಜೆ ಮತ್ತೆ ಆ ಮಸಿ ಕೈ.
ಕೇಳುವ ಮೊದಲೇ ಮೊಬೈಲು ಒಳಕ್ಕೆ ಚಾಚಿದ,
ನಾನೂ ಸರಿಯಾಗಿ ನೋಡಿದೆ, ದಿನ, ತಿಂಗಳು, ಇಸವಿ,
ನೋಡದಿದ್ದರೆ ಅವಮಾನವಾಗುತ್ತಿತ್ತು ಅವನಿಗೆ.
ಬಾಟಲಿ ಸೊಂಟಕ್ಕೆ ಸಿಕ್ಕಿಸಿ, ಹೋಗುವಾಗ
ಕಿಂಡಿಯಲ್ಲಿ ಒಂದು ಪೊಟ್ಟಣ ತುರುಕಿದ:
"ನಿಂದೂ ಇವತ್ತೇ ಅಂದಿದ್ಯಲ್ಲ."

ಮಂಡಕ್ಕಿ. ಆಗಷ್ಟೇ ಮರಳಿನಿಂದ ಎದ್ದದ್ದು,
ಕಾಗದದಾಚೆಗೂ ಬಿಸಿ.
ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ
ಮುಂದಿನ ಕೈ ಬಂತು, ಎಳೆಯದು.
ಕಾರ್ಡು ಅಂದೆ.
ಬಾಯಿ ತುಂಬಿತ್ತು, ಅವನಿಗೆ ಕೇಳಿಸಲಿಲ್ಲ.
ನುಂಗಿ ಮತ್ತೊಮ್ಮೆ ಅಂದೆ.